ಉಪ್ಪುಗಾಳಿಯ ಊರಲ್ಲಿ ಎಸ್‌ಟಿಎಂ: ಗ್ರಾಫೈಟ್‌ನಿಂದ ಕ್ವಾಂಟಮ್ ವಸ್ತುಗಳವರೆಗೆ

ಮೇಜಿನ ಮೇಲೆ ಇಡುವಂಥ ಸಣ್ಣ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್ (ಎಸ್‌ಟಿಎಂ) ಒಂದು ಪದವಿ ಕಾಲೇಜಿಗೆ ಬಂದರೆ ಸಾಮಾನ್ಯವಾಗಿ ಅದರಲ್ಲಿ ಗ್ರಾಫೈಟ್ ಪರಮಾಣುಗಳ ಚಿತ್ರ ತೆಗೆಯುತ್ತಾರೆ, ಕೆಲಸ ಅಲ್ಲಿಗೆ ನಿಲ್ಲುತ್ತದೆ. ನಿಲ್ಲಬೇಕಾಗಿಲ್ಲ. ದ್ರವ ಹೀಲಿಯಂ ಇಲ್ಲದೆ, ನಿರ್ವಾತ ಕೋಣೆ ಇಲ್ಲದೆ, ಕೋಣೆಯ ತಾಪಮಾನದಲ್ಲೇ ಇಲೆಕ್ಟ್ರಾನ್‌ಗಳ ಕ್ವಾಂಟಮ್ ವರ್ತನೆಯನ್ನು ಕಣ್ಣಾರೆ ನೋಡಬಹುದಾದ ಮೂರು ಪ್ರಯೋಗಗಳಿವೆ: ಗ್ರಾಫೈಟ್ ಮೆಟ್ಟಿಲಂಚಿನ (ಮೇಲಿನ ಪದರ ಮುಗಿಯುವ ಜಾಗದ) ಇಲೆಕ್ಟ್ರಾನ್ ಅಲೆಗಳ ವ್ಯತಿಕರಣ, ತಿರುಚಿದ ಪದರಗಳ ಮೊಯ್ರೆ ವಿನ್ಯಾಸ (ಎರಡು ಜಾಲ ಓರೆಯಾಗಿ ಒಂದರ ಮೇಲೊಂದು ಕೂತಾಗ ಮೂಡುವ ದೊಡ್ಡ ಜಾಲ), ಮತ್ತು 1ಟಿ-ಟ್ಯಾಂಟಲಮ್ ಡೈಸಲ್ಫೈಡ್‌ನ ಚಾರ್ಜ್ ಡೆನ್ಸಿಟಿ ವೇವ್ (ಇಲೆಕ್ಟ್ರಾನ್ ಸಾಂದ್ರತೆ ಅಲೆಯಂತೆ ಏರಿಳಿಯುವುದು). ಕಾರವಾರ, ಅಂಕೋಲಾ, ಕುಮಟಾದ ಲ್ಯಾಬ್‌ಗಳಲ್ಲಿ ಈ ಪ್ರಯೋಗಗಳಿಗೆ ಅಡ್ಡ ಬರುವುದು ಭೌತಶಾಸ್ತ್ರವಲ್ಲ. ತೇವ, ಉಪ್ಪು, ಪಂಪ್ ಸೆಟ್ ಮತ್ತು ಸೀಲಿಂಗ್ ಫ್ಯಾನ್. ಹಾಗಾಗಿ ಈ ಬರಹದ ಅರ್ಧ ಭಾಗ ಅವುಗಳ ಬಗ್ಗೆಯೇ ಇದೆ.

ತತ್ತ್ವವನ್ನು ಚುಟುಕಾಗಿ ಹೇಳಿ ಮುಂದೆ ಹೋಗೋಣ. ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ 1981ರಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಈ ಉಪಕರಣ ಕಟ್ಟಿದರು. 1986ರಲ್ಲಿ ನೊಬೆಲ್ ಬಂತು. ಚೂಪಾದ ಲೋಹದ ಟಿಪ್ ಅನ್ನು ಸ್ಯಾಂಪಲ್‌ನಿಂದ ಒಂದು ನ್ಯಾನೋಮೀಟರ್‌ಗಿಂತ ಹತ್ತಿರ ತಂದು ನಡುವೆ ಸಣ್ಣ ವೋಲ್ಟೇಜ್ ಕೊಟ್ಟರೆ, ಇಲೆಕ್ಟ್ರಾನ್‌ಗಳು ಮಧ್ಯದ ಖಾಲಿ ಜಾಗವನ್ನು ದಾಟಿ ಹರಿಯುತ್ತವೆ. ಇದೇ ಟನೆಲಿಂಗ್. ಅವು ದಾಟಬೇಕಾದ ಶಕ್ತಿಯ ತಡೆಗೋಡೆ 4 ಇಲೆಕ್ಟ್ರಾನ್‌ವೋಲ್ಟ್ ಇದ್ದಾಗ ಅಂತರ 0.1 ನ್ಯಾನೋಮೀಟರ್ ಹೆಚ್ಚಾದರೆ ಕರೆಂಟ್ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಪರಮಾಣು ಕಾಣುವುದು ಈ ಕಡಿದಾದ ಇಳಿಜಾರಿನಿಂದ. ನೆಲದ ಸಣ್ಣ ಅಲುಗಾಟವೂ ಚಿತ್ರದಲ್ಲಿ ಬರುವುದು ಅದೇ ಕಾರಣದಿಂದ. ಇನ್ನೊಂದು ಮಾತು ಮೊದಲೇ ತಿಳಿದಿರಲಿ: ಚಿತ್ರದಲ್ಲಿ ಕಾಣುವ ಉಬ್ಬುತಗ್ಗು ಬರೀ ಎತ್ತರವಲ್ಲ. ಕೊಟ್ಟ ವೋಲ್ಟೇಜಿನ ವ್ಯಾಪ್ತಿಯಲ್ಲಿ ಆ ಜಾಗದಲ್ಲಿ ಎಷ್ಟು ಇಲೆಕ್ಟ್ರಾನ್ ಸ್ಥಿತಿಗಳಿವೆ ಎಂಬುದೂ ಅದರಲ್ಲಿ ಬೆರೆತಿರುತ್ತದೆ. ಇಲೆಕ್ಟ್ರಾನ್‌ಗಳ ಕ್ವಾಂಟಮ್ ವರ್ತನೆಯೇ ಗುಣ ನಿರ್ಧರಿಸುವ ಕ್ವಾಂಟಮ್ ವಸ್ತುಗಳ ಅಧ್ಯಯನಕ್ಕೆ ಎಸ್‌ಟಿಎಂ ಇಷ್ಟು ಬೆಲೆಬಾಳುವುದು ಈ ಬೆರಕೆಯಿಂದಲೇ.

ಜಾಗ

ನೆಲಮಹಡಿಯ ಮೂಲೆ ಆರಿಸಿ, ಭಾರ ಹೊರುವ ಗೋಡೆಗೆ ಹತ್ತಿರ. ಮೊದಲ ಮಹಡಿಯ ಸ್ಲ್ಯಾಬ್‌ನ ನಟ್ಟನಡುವೆ ಇಟ್ಟರೆ ಯಾರು ವರಾಂಡದಲ್ಲಿ ನಡೆದರೂ ಸೆಕೆಂಡಿಗೆ ಹತ್ತಿಪ್ಪತ್ತು ಬಾರಿಯ ನಡುಕ ಚಿತ್ರದಲ್ಲಿ ಬರುತ್ತದೆ. ಹಳೆಯ ಚಿರೆಕಲ್ಲಿನ ಕಟ್ಟಡದ ನೆಲಮಹಡಿ ಸಿಕ್ಕರೆ ಬಿಡಬೇಡಿ.

ಮಳೆಗಾಲದ ಸಮುದ್ರದ ಹೊಡೆತದಿಂದ ಕರಾವಳಿಯ ನೆಲ ನಿಜವಾಗಿಯೂ ಅಲುಗುತ್ತದೆ, ಆದರೆ ಆ ಅಲುಗಾಟ ತೀರಾ ನಿಧಾನದ್ದು, ಒಂದೊಂದಕ್ಕೆ ಹಲವು ಸೆಕೆಂಡು. ಎಸ್‌ಟಿಎಂ ತಲೆ ಚಿಕ್ಕದು, ಗಟ್ಟಿಯಾದದ್ದು. ಇಂಥ ನಿಧಾನದ ಚಲನೆಗೆ ಟಿಪ್ ಮತ್ತು ಸ್ಯಾಂಪಲ್ ಒಟ್ಟಿಗೇ ತೇಲುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಹಾಗಾಗಿ ಅಲೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತೊಂದರೆ ಕೊಡುವುದು ಕಟ್ಟಡದೊಳಗಿನ ಯಂತ್ರಗಳು. ಪೂರ್ತಿ ವೇಗದ ಸೀಲಿಂಗ್ ಫ್ಯಾನ್ ಸುಮಾರು 6 ಹರ್ಟ್ಜ್. ನಾಲ್ಕು ಧ್ರುವದ ಪಂಪ್ ಮೋಟರ್ ನಿಮಿಷಕ್ಕೆ 1440 ಸುತ್ತು, ಅಂದರೆ 24 ಹರ್ಟ್ಜ್. ಎರಡು ಧ್ರುವದ್ದಾದರೆ 2880 ಸುತ್ತು, ಅಂದರೆ 48 ಹರ್ಟ್ಜ್. ಈ 48 ನೆನಪಿಡಬೇಕಾದ ಸಂಖ್ಯೆ, ಏಕೆಂದರೆ ಅದು ಕರೆಂಟ್ ಲೈನಿನ 50 ಹರ್ಟ್ಜ್‌ಗೆ ಅಂಟಿಕೊಂಡಂತೆ ಇರುತ್ತದೆ. ಟಿಪ್‌ನ ಕರೆಂಟ್ ಸಿಗ್ನಲ್ ಅನ್ನು ಕನಿಷ್ಠ 2 ಸೆಕೆಂಡು ರೆಕಾರ್ಡ್ ಮಾಡಿ ಫೂರಿಯೆ ವಿಶ್ಲೇಷಣೆ (ಅದರಲ್ಲಿ ಯಾವ ಯಾವ ಆವರ್ತನ ಇದೆ ಎಂದು ಬಿಡಿಸುವುದು) ಮಾಡಿದರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಅರ್ಧ ಸೆಕೆಂಡಿನ ರೆಕಾರ್ಡಿನಲ್ಲಿ ಒಂದೇ ಗುಡ್ಡೆಯಾಗಿ ಕಾಣುತ್ತವೆ. 48 ಕಂಡರೆ ಹಾಸ್ಟೆಲಿನ ಬಾವಿ ಪಂಪ್ ಹುಡುಕಿ, 50 ಕಂಡರೆ ಅರ್ಥಿಂಗ್ ಹುಡುಕಿ.

ರೈಲು ಹಳಿ ಮತ್ತು ಹೆದ್ದಾರಿ 66 ಹತ್ತಿರವಿದ್ದರೆ ಕೆಲಸದ ಹೊತ್ತನ್ನೇ ಹೊಂದಿಸಿಕೊಳ್ಳುವುದು ಸುಲಭ. ರೈಲು ದಾಟಿ ಹೋಗುವ ಕೆಲವು ನಿಮಿಷ ಸ್ಕ್ಯಾನ್ ನಿಲ್ಲಿಸಿ ಟಿಪ್ ಹಿಂದಕ್ಕೆ ಎಳೆಯಿರಿ. ಶಿರಸಿಯವರಿಗೆ ರೈಲಿನ ಕಾಟವೂ ಉಪ್ಪಿನ ಕಾಟವೂ ಇಲ್ಲ. ಮಳೆಗಾಲದ ತೇವ ಮಾತ್ರ ಘಟ್ಟದ ಮೇಲೂ ಕೆಳಗೂ ಒಂದೇ.

ನಡುಕ ತಡೆಯಲು ಎಸ್‌ಟಿಎಂ ಇಡುವ ತೂಗುಕಲ್ಲು ಕಟ್ಟುವುದು ಹೀಗೆ. 40 ಸೆಂಟಿಮೀಟರ್ ಚೌಕದ, 5 ಸೆಂಟಿಮೀಟರ್ ದಪ್ಪದ ಗ್ರಾನೈಟ್ ತುಂಡು ಸುಮಾರು 21 ಕಿಲೋ ತೂಗುತ್ತದೆ. ಅದನ್ನು ನಾಲ್ಕು ಮೂಲೆಯಿಂದ ಸ್ಪ್ರಿಂಗ್ ಅಥವಾ ಬಂಗೀ ಹಗ್ಗದಲ್ಲಿ ಗಟ್ಟಿ ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿ. ಕಲ್ಲಿನ ಭಾರಕ್ಕೆ ಸ್ಪ್ರಿಂಗ್ 25 ಸೆಂಟಿಮೀಟರ್ ಹಿಗ್ಗಿದರೆ ಇಡೀ ತೂಗಾಟದ ಆವರ್ತನ 1 ಹರ್ಟ್ಜ್ ಆಗುತ್ತದೆ; ಆಗ 24 ಹರ್ಟ್ಜ್‌ನ ಪಂಪ್ ನಡುಕ ಲೆಕ್ಕದ ಪ್ರಕಾರ ಐನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಮೇಲೆ ಬರುತ್ತದೆ. ಬಂಗೀ ಹಗ್ಗ ಹಿಗ್ಗಿದಷ್ಟೂ ಬಿಗಿಯಾಗುವುದರಿಂದ ಅದರಲ್ಲಿ ಆವರ್ತನ ಲೆಕ್ಕಕ್ಕಿಂತ ಹೆಚ್ಚೇ ಬರುತ್ತದೆ. ಉಪ್ಪುಗಾಳಿಗೆ ರಬ್ಬರ್ ಬೇಗ ಬಿರಿಯುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಕಲ್ಲಿನ ಅಡಿಗೆ ತಾಮ್ರದ ತಗಡು ಅಂಟಿಸಿ, ಅದರ ಕೆಳಗೆ ಮುಟ್ಟದಂತೆ ಬಲವಾದ ಅಯಸ್ಕಾಂತಗಳನ್ನು ಇಟ್ಟರೆ ಸುಳಿ ವಿದ್ಯುತ್‌ನಿಂದ ತೂಗಾಟ ತಣಿಯುತ್ತದೆ. ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ: ಐದಾರು ತೂಗಿಗೆ ನಿಲ್ಲಬೇಕು. ಕೊನೆಗೆ ಬಹಳ ಮಂದಿ ಮರೆಯುವ ವಿಷಯ: ಎಸ್‌ಟಿಎಂನಿಂದ ಹೊರಡುವ ದಪ್ಪ ಕೇಬಲ್ ಬಿಗಿಯಾಗಿದ್ದರೆ ಇಷ್ಟೆಲ್ಲ ಮಾಡಿದ್ದು ದಂಡ, ನಡುಕ ಅದರ ಮೂಲಕವೇ ಬರುತ್ತದೆ. ಕೇಬಲ್ ಅನ್ನು ಮೊದಲು ಕಲ್ಲಿಗೆ ಕ್ಲಿಪ್ ಹಾಕಿ, ನಂತರ ಸಡಿಲ ಸುತ್ತು ಬಿಟ್ಟು ಹೊರಗೆ ಒಯ್ಯಿರಿ.

ತೇವ ಮತ್ತು ಉಪ್ಪು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ತೆರೆದ ಕೋಣೆಯಲ್ಲಿ ಸ್ಯಾಂಪಲ್ ಮೇಲೂ ಟಿಪ್ ಮೇಲೂ ನೀರಿನ ತೆಳು ಪದರ ಕೂರುತ್ತದೆ. ಟಿಪ್ ಹತ್ತಿರ ಹೋದಾಗ ಎರಡೂ ಪದರ ಕೂಡಿ ಸೇತುವೆಯಾಗುತ್ತವೆ. ಟನೆಲಿಂಗ್ ಅಲ್ಲದ, ಅಯಾನುಗಳ ಕರೆಂಟ್ ಹರಿಯತೊಡಗುತ್ತದೆ. ಕರೆಂಟ್ ಒಂದೇ ಮಟ್ಟದಲ್ಲಿರುವಂತೆ ಟಿಪ್ ಅನ್ನು ಏರಿಸಿ ಇಳಿಸುವ ಫೀಡ್‌ಬ್ಯಾಕ್‌ಗೆ ಯಾವ ಕರೆಂಟ್ ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ. ಟಿಪ್ ದೂರದಲ್ಲೇ ನಿಂತುಬಿಡುತ್ತದೆ, ಚಿತ್ರ ಮಸುಕು ಮಸುಕಾಗಿ ಬರುತ್ತದೆ.

ಇದನ್ನು ಪತ್ತೆ ಹಚ್ಚುವ ಪರೀಕ್ಷೆ ಎರಡು ನಿಮಿಷದ್ದು. ಟಿಪ್ ಅನ್ನು ಪೂರ್ತಿ ಹಿಂದೆ ಎಳೆದು, ಬಯಾಸ್ (ಟಿಪ್ ಮತ್ತು ಸ್ಯಾಂಪಲ್ ನಡುವಿನ ವೋಲ್ಟೇಜ್) 1 ವೋಲ್ಟ್ ಕೊಟ್ಟು ಕರೆಂಟ್ ನೋಡಿ. ನಂತರ ಸೊನ್ನೆ, ನಂತರ ಮೈನಸ್ 1. ಕರೆಂಟ್ ಬಯಾಸ್ ಜೊತೆ ನೇರವಾಗಿ ಏರಿಳಿದರೆ ಅದು ಸೋರಿಕೆ: ಟಿಪ್ ಹೋಲ್ಡರ್‌ನ ಇನ್ಸುಲೇಟರ್ ಮೇಲೆ ಉಪ್ಪಿನ ತೇವ ಕೂತಿದೆ ಎಂದರ್ಥ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ನೋಡಿ. ಬಯಾಸ್ ಬದಲಿಸಿದರೂ ಅಲುಗದ ಸಣ್ಣ ಸ್ಥಿರ ಕರೆಂಟ್ ಇದ್ದರೆ ಅದು ಆಂಪ್ಲಿಫೈಯರ್‌ನ ಆಫ್‌ಸೆಟ್, ಬರೆದಿಟ್ಟುಕೊಂಡು ಕಳೆಯಿರಿ. ಕನೆಕ್ಟರ್‌ಗಳಿಗೆ ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ. ಆ ಎಣ್ಣೆ ಹರಡಿ ಸ್ಯಾಂಪಲ್ ತನಕ ಬರುತ್ತದೆ, ಆಮೇಲೆ ಹೋಗುವುದಿಲ್ಲ.

ಎಸ್‌ಟಿಎಂ ತಲೆಯ ಮೇಲೆ ಅಕ್ರಿಲಿಕ್ ಡಬ್ಬಿ ಮುಚ್ಚಿ, ಒಳಗೆ ಒಂದು ಬಟ್ಟಲು ಸಿಲಿಕಾ ಜೆಲ್ ಮತ್ತು ಚಿಕ್ಕ ತೇವಮಾಪಕ ಇಡಿ. ಒಳಗಿನ ಆರ್ದ್ರತೆ 40 ಶೇಕಡಾಕ್ಕಿಂತ ಕೆಳಗೆ ಬಂದ ಮೇಲೆಯೇ ಟಿಪ್ ಹತ್ತಿರ ಒಯ್ಯಿರಿ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ. ಕಿತ್ತಳೆ ಹೋಗಿ ಹಸಿರಾದಾಗ 110ರಿಂದ 120 ಡಿಗ್ರಿಯ ಓವನ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ಮಳೆಗಾಲದಲ್ಲಿ ಹಲಸಿನ ಹಪ್ಪಳದ ಡಬ್ಬಿಯನ್ನು ಹೇಗೆ ಕಾಯುತ್ತೀರೋ ಹಾಗೆ ಈ ಡಬ್ಬಿಯನ್ನೂ ಕಾಯಬೇಕು: ತೆರೆಯುವುದು ಕಡಿಮೆ, ತೆರೆದರೆ ಬೇಗ ಮುಚ್ಚುವುದು.

ಎಸಿ ಬಗ್ಗೆ ಎಚ್ಚರ. ಹೊರಗೆ 28 ಡಿಗ್ರಿ, 85 ಶೇಕಡಾ ಆರ್ದ್ರತೆ ಇರುವ ದಿನ ಇಬ್ಬನಿ ಕಟ್ಟುವ ತಾಪಮಾನ ಸುಮಾರು 25 ಡಿಗ್ರಿ. ಎಸಿಯಿಂದ 22 ಡಿಗ್ರಿಗೆ ತಣಿದ ಲೋಹದ ತಲೆ ಇರುವ ಕೋಣೆಯ ಕಿಟಕಿ ತೆರೆದರೆ ಲೋಹದ ಮೇಲೆ ನೇರವಾಗಿ ನೀರು ಕಟ್ಟುತ್ತದೆ. ಎಸಿ ಹಾಕಿ ಕೋಣೆ ಒಣಗಿಸಿ, ಸ್ಕ್ಯಾನ್ ಮಾಡುವಾಗ ಎಸಿ ಮತ್ತು ಫ್ಯಾನ್ ಎರಡನ್ನೂ ನಿಲ್ಲಿಸಿ, ಬಾಗಿಲು ಕಿಟಕಿ ಮುಚ್ಚಿಯೇ ಇರಲಿ.

ವಿದ್ಯುತ್: ಮನೆಗೆ ಬಳಸುವ ಚೌಕ ಅಲೆಯ ಇನ್ವರ್ಟರ್ ಎಸ್‌ಟಿಎಂಗೆ ಆಗದು, ಶುದ್ಧ ಸೈನ್ ಅಲೆಯ ಯುಪಿಎಸ್ ಬೇಕು. ಲ್ಯಾಪ್‌ಟಾಪ್ ಅನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯಲ್ಲೇ ನಡೆಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವು ವೋಲ್ಟ್ ಕಾಣಿಸಬಹುದು. ಗುಂಡಿಗೆ ನೀರು ಹೊಯ್ದು ಮತ್ತೆ ಅಳೆಯಿರಿ.

ಟಿಪ್

ಗಾಳಿಯಲ್ಲಿ ಕೆಲಸ ಮಾಡುವುದಾದರೆ ಪ್ಲಾಟಿನಮ್-ಇರಿಡಿಯಂ ತಂತಿ, 0.25 ಮಿಲಿಮೀಟರ್ ದಪ್ಪ, ಇರಿಡಿಯಂ 10 ಅಥವಾ 20 ಶೇಕಡಾ ಇರುವಂಥದ್ದು. ಟಂಗ್‌ಸ್ಟನ್ ಅಗ್ಗ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ಸೂಜಿಯಷ್ಟು ಚೂಪು ಮಾಡಬಹುದು, ಆದರೆ ಗಾಳಿಯಲ್ಲಿ ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಅದು ನಿರ್ವಾತದ ಯಂತ್ರಕ್ಕೆ ಸರಿ.

ಕತ್ತರಿ ಮತ್ತು ಇಕ್ಕಳವನ್ನು ಅಸಿಟೋನ್‌ನಿಂದ ಒರೆಸಿ. ತಂತಿಯ ತುದಿಯನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು, ಅದರಿಂದ 4-5 ಮಿಲಿಮೀಟರ್ ಬಿಟ್ಟು ಕತ್ತರಿಯನ್ನು ಸುಮಾರು 45 ಡಿಗ್ರಿ ಓರೆಯಾಗಿ ಇಡಿ. ಮೆಲ್ಲಗೆ ಒತ್ತುತ್ತಾ, ತಂತಿ ತುಂಡಾಗುವ ಕ್ಷಣದಲ್ಲಿ ಕತ್ತರಿಯನ್ನು ತಂತಿಯ ಉದ್ದಕ್ಕೆ ಹೊರಗೆ ಎಳೆಯಿರಿ. ತುದಿ ಪೂರ್ತಿ ಕತ್ತರಿಸಲ್ಪಡಬಾರದು, ಕೊನೆಗೆ ಹರಿಯಬೇಕು. ಹರಿದ ತುದಿಯ ಒರಟಿನಲ್ಲೇ ಎಲ್ಲೋ ಒಂದು ಪರಮಾಣು ಮುಂದೆ ಚಾಚಿರುತ್ತದೆ. ಕತ್ತರಿಸಿದ ಮೇಲೆ ತುದಿಯನ್ನು ಏನಕ್ಕೂ ತಾಗಿಸಬೇಡಿ, ಒರೆಸಲೂ ಬೇಡಿ. ಲೆನ್ಸಿನಲ್ಲಿ ಅಂದವಾಗಿ ಕಂಡ ಟಿಪ್ ಕೆಟ್ಟ ಚಿತ್ರ ಕೊಡುವುದೂ, ವಿಕಾರವಾಗಿ ಕಂಡದ್ದು ಪರಮಾಣು ತೋರಿಸುವುದೂ ಮಾಮೂಲು. ನಿರ್ಣಯ ಗ್ರಾಫೈಟ್ ಮೇಲೆಯೇ ಆಗಬೇಕು. ಸ್ಕ್ಯಾನ್ ನಡುವೆ ಚಿತ್ರ ಹಾಳಾದರೆ 3ರಿಂದ 5 ವೋಲ್ಟ್‌ನ ಕೆಲವು ಮಿಲಿಸೆಕೆಂಡಿನ ಪಲ್ಸ್ ಕೊಡಿ. ಅಂಟಿದ ಕಸ ಉದುರಬಹುದು. ಎರಡು ಮೂರು ಪಲ್ಸ್‌ಗೂ ಸರಿಯಾಗದಿದ್ದರೆ ಹೊಸ ಟಿಪ್ ಕತ್ತರಿಸಿ. ಹಳೆಯದಕ್ಕೆ ಅಂಟಿಕೊಂಡು ಮಧ್ಯಾಹ್ನವಿಡೀ ಕಳೆಯುವುದು ಬೇಡ.

ಗ್ರಾಫೈಟ್: ಅಳತೆಗೋಲು ಮತ್ತು ಮೊದಲ ಕ್ವಾಂಟಮ್ ಪ್ರಯೋಗ

ಎಚ್‌ಒಪಿಜಿ ಎಂದು ಕರೆಯುವ ಪದರ ಗ್ರಾಫೈಟ್ ತುಂಡಿನ ಮೇಲೆ ಪಾರದರ್ಶಕ ಟೇಪ್ ಒತ್ತಿ, ಮೇಲ್ಮೈಗೆ ಸಮಾನಾಂತರವಾಗಿ ನಿಧಾನ ಎಳೆಯಿರಿ. ಟೇಪಿನ ಮೇಲೆ ಇಡೀ ತುಂಡಿನ ಅಗಲದ ಹೊಳೆಯುವ ಪದರ ಬಂದರೆ ಸರಿ. ಉಳಿದ ಮೇಲ್ಮೈಯನ್ನು ಓರೆ ಬೆಳಕಿನಲ್ಲಿ ನೋಡಿ. ಎದ್ದು ನಿಂತ ಚಕ್ಕೆಗಳನ್ನು ಚಿಮಟದಿಂದ ತೆಗೆಯಿರಿ. ಅವು ಟಿಪ್ ಹತ್ತಿರ ಬಂದಾಗ ಎಲೆಯಂತೆ ಅಲುಗಿ ಕರೆಂಟ್ ಹುಚ್ಚೆದ್ದು ಕುಣಿಯುವಂತೆ ಮಾಡುತ್ತವೆ.

ಬಯಾಸ್ 50 ಮಿಲಿವೋಲ್ಟ್, ಕರೆಂಟ್ 1 ನ್ಯಾನೋಆಂಪಿಯರ್. ಟಿಪ್‌ಗೂ ಸ್ಯಾಂಪಲ್‌ನಲ್ಲಿ ಕಾಣುವ ಅದರ ಪ್ರತಿಬಿಂಬಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯುವವರೆಗೆ ಕೈಯಿಂದ ಇಳಿಸಿ, ಉಳಿದದ್ದನ್ನು ಸ್ವಯಂಚಾಲಿತ ಅಪ್ರೋಚ್‌ಗೆ ಬಿಡಿ. ತಲುಪಿದ ತಕ್ಷಣ ಸ್ಕ್ಯಾನ್ ಮಾಡಬೇಡಿ. ಕೈಯ ಶಾಖ, ಟಿಪ್ ಸರಿಸುವ ಪೀಜೋದ ಸರಿತ (ತಾನಾಗಿ ನಿಧಾನ ಜಾರುವುದು) ಎಲ್ಲ ಇಳಿಯಲು ಅರ್ಧ ಗಂಟೆ ಬೇಕು. ಇದು ಸುಮ್ಮನೆ ಹೇಳುವ ಮಾತಲ್ಲ, ಲೆಕ್ಕ ಹಾಕಿ ನೋಡಿ: 5 ನ್ಯಾನೋಮೀಟರ್ ಅಗಲದ ಚಿತ್ರ, ಟಿಪ್ ಓಡುವ 256 ಗೆರೆ, ಗೆರೆಗೆ 0.1 ಸೆಕೆಂಡು ಎಂದರೆ ಒಂದು ಚಿತ್ರಕ್ಕೆ 25.6 ಸೆಕೆಂಡು. ಸರಿತ ಸೆಕೆಂಡಿಗೆ 0.1 ನ್ಯಾನೋಮೀಟರ್ ಇದ್ದರೆ ಅಷ್ಟರಲ್ಲಿ ಸ್ಯಾಂಪಲ್ ಅರ್ಧ ಚಿತ್ರದಷ್ಟು ಜಾರಿರುತ್ತದೆ, ಷಟ್ಕೋನ ಓರೆಯಾಗಿ ಹಿಸುಕಿದಂತೆ ಕಾಣುತ್ತದೆ. 0.01ಕ್ಕೆ ಇಳಿದರೆ ಜಾರಿದ್ದು ಒಂದು ಜಾಲದ ಅಂತರದಷ್ಟು ಮಾತ್ರ, ಅದನ್ನು ಸಹಿಸಬಹುದು.

ಮೊದಲು 300 ನ್ಯಾನೋಮೀಟರ್ ಚಿತ್ರ ತೆಗೆದು ಇಳಿಜಾರು ಸರಿಪಡಿಸಿ. ಮೆಟ್ಟಿಲು ಕಂಡರೆ ಎತ್ತರ ಅಳೆಯಿರಿ: 0.335 ನ್ಯಾನೋಮೀಟರ್ ಅಥವಾ ಅದರ ಗುಣಕ ಬರಬೇಕು, ನಿಮ್ಮ ಪೀಜೋದ ಲಂಬ ಅಳತೆಗೆ ಇದೇ ಪ್ರಮಾಣ. ನಂತರ ಸಪಾಟಾದ ಕಡೆ 50ಕ್ಕೆ, 10ಕ್ಕೆ, 5ಕ್ಕೆ ಇಳಿಯಿರಿ. ಪರಮಾಣು ಮಟ್ಟದಲ್ಲಿ ಫೀಡ್‌ಬ್ಯಾಕ್ ಗೇನ್ (ಅದು ಎಷ್ಟು ಚುರುಕಾಗಿ ಪ್ರತಿಕ್ರಿಯಿಸಬೇಕು ಎಂಬ ಮಟ್ಟ) ಕಡಿಮೆ ಮಾಡಿ ವೇಗವಾಗಿ ಓಡಿಸಿ, ಗೆರೆಗೆ 0.05ರಿಂದ 0.1 ಸೆಕೆಂಡು, ಎತ್ತರದ ಬದಲು ಕರೆಂಟಿನ ಚಿತ್ರ ನೋಡಿ. 0.246 ನ್ಯಾನೋಮೀಟರ್ ಅಂತರದ ತ್ರಿಕೋನ ಜಾಲ ಕಾಣುತ್ತದೆ. ಜೇನುಗೂಡಿನ ಆಕಾರ ಕಾಣಲಿಲ್ಲವೆಂದು ಬೇಸರ ಬೇಡ: ಕೆಳಪದರದ ಪರಮಾಣು ನೇರ ಅಡಿಗೆ ಇರುವ ಕಾರ್ಬನ್‌ಗಳು ಎಸ್‌ಟಿಎಂಗೆ ಮಸುಕು, ಉಳಿದರ್ಧ ಮಾತ್ರ ಎದ್ದು ಕಾಣುತ್ತವೆ. ಇದೂ ಇಲೆಕ್ಟ್ರಾನ್ ಸ್ಥಿತಿಗಳ ಪಾಠವೇ.

ಈಗ ನಿಜವಾದ ಕುತೂಹಲದ ಕೆಲಸ. ಮೆಟ್ಟಿಲಂಚಿನಿಂದ ಕೆಲವೇ ನ್ಯಾನೋಮೀಟರ್ ದೂರದಲ್ಲಿ 5-10 ನ್ಯಾನೋಮೀಟರ್ ಚಿತ್ರಗಳನ್ನು ತೆಗೆಯಿರಿ. ಕೆಲವು ಅಂಚುಗಳ ಬಳಿ ಮಾಮೂಲು ಜಾಲದ ಮೇಲೆ ಇನ್ನೊಂದು ಜಾಲ ಕಾಣುತ್ತದೆ: ಅಂತರ √3 ಪಟ್ಟು ದೊಡ್ಡದು, ಅಂದರೆ 0.426 ನ್ಯಾನೋಮೀಟರ್, ಮತ್ತು 30 ಡಿಗ್ರಿ ತಿರುಗಿದ್ದು. ಅಲ್ಲಿ ಪರಮಾಣುಗಳು ಜಾಗ ಬದಲಿಸಿಲ್ಲ. ಅಂಚಿಗೆ ಬಡಿದು ಹಿಂತಿರುಗಿದ ಇಲೆಕ್ಟ್ರಾನ್ ಅಲೆ ಬರುವ ಅಲೆಯೊಂದಿಗೆ ಕೂಡಿ ಕಟ್ಟಿದ ವಿನ್ಯಾಸ ಅದು. ಅಂಚಿನಿಂದ ದೂರ ಹೋದಂತೆ ಅಳಿಯುತ್ತದೆ. ಐಬಿಎಂನ ಅಲ್ಮಾಡೆನ್ ಪ್ರಯೋಗಾಲಯದಲ್ಲಿ 1993ರಲ್ಲಿ ತಾಮ್ರದ ಮೇಲೆ 48 ಕಬ್ಬಿಣದ ಪರಮಾಣುಗಳನ್ನು ಉಂಗುರವಾಗಿ ಜೋಡಿಸಿ ತೋರಿಸಿದ ನಿಂತ ಅಲೆಗಳ ಹಿಂದಿನ ಭೌತಶಾಸ್ತ್ರವೂ ಇದೇ.

ಅದೃಷ್ಟವಿದ್ದರೆ ದೊಡ್ಡ ಚಿತ್ರಗಳಲ್ಲಿ ಮೊಯ್ರೆಯೂ ಸಿಗುತ್ತದೆ. ಟೇಪ್ ಎಳೆಯುವಾಗ ಮೇಲಿನ ಪದರ ಸ್ವಲ್ಪ ತಿರುಗಿದ ಕಡೆ ಹಲವು ನ್ಯಾನೋಮೀಟರ್ ಅಂತರದ ದೊಡ್ಡ ತ್ರಿಕೋನ ಜಾಲ ಮೂಡಿರುತ್ತದೆ. 0.246 ಅನ್ನು ತಿರುವಿನ ಕೋನದ ಅರ್ಧದ ಸೈನ್‌ನ ಎರಡರಷ್ಟರಿಂದ ಭಾಗಿಸಿದರೆ ಅದರ ಅಂತರ ಬರುತ್ತದೆ. 2 ಡಿಗ್ರಿಗೆ ಸುಮಾರು 7 ನ್ಯಾನೋಮೀಟರ್, 1.1 ಡಿಗ್ರಿಗೆ 12.8. ಈ 1.1 ಡಿಗ್ರಿಯ ಸುತ್ತಲೇ ಎರಡು ಪದರದ ಗ್ರಾಫೀನ್ (ಗ್ರಾಫೈಟ್‌ನ ಒಂಟಿ ಪದರ) 2018ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೂಪರ್‌ಕಂಡಕ್ಟರ್ (ರೋಧವೇ ಇಲ್ಲದ ವಾಹಕ) ಆಗಿದ್ದು. ಗ್ರಾಫೈಟ್ ಗಟ್ಟಿಯ ಮೇಲೆ ಆ ಸೂಪರ್‌ಕಂಡಕ್ಟಿವಿಟಿ ಸಿಗುವುದಿಲ್ಲ, ಆದರೆ ಕೋನ ಅಳೆಯುವ ಕೈಚಳಕ ಇಲ್ಲೇ ಕಲಿಯಬಹುದು.

1ಟಿ-ಟ್ಯಾಂಟಲಮ್ ಡೈಸಲ್ಫೈಡ್

ಕೋಣೆಯ ತಾಪಮಾನದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕ್ವಾಂಟಮ್ ವಸ್ತು ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಇದರಲ್ಲಿ ಹದಿಮೂರು ಟ್ಯಾಂಟಲಮ್ ಪರಮಾಣುಗಳು ಆರು ಮೂಲೆಯ ನಕ್ಷತ್ರದ ಆಕಾರದಲ್ಲಿ ಒಳಕ್ಕೆ ಸರಿದು ಗುಂಪಾಗುತ್ತವೆ, ಇಲೆಕ್ಟ್ರಾನ್ ಸಾಂದ್ರತೆ ಅಲ್ಲಿ ದಟ್ಟವಾಗುತ್ತದೆ. ಜಾಲದ ಅಂತರ 0.336 ನ್ಯಾನೋಮೀಟರ್, ಈ ಚಾರ್ಜ್ ಅಲೆಯ ಅಂತರ ಅದರ √13 ಪಟ್ಟಿನಷ್ಟು, ಅಂದರೆ ಸುಮಾರು 1.2 ನ್ಯಾನೋಮೀಟರ್. ಅಂತರ ದೊಡ್ಡದು, ಉಬ್ಬು ಎದ್ದು ಕಾಣುವಂಥದ್ದು. ಸಾಧಾರಣ ಟಿಪ್‌ಗೂ ಸಿಗುತ್ತದೆ.

3 ಮಿಲಿಮೀಟರ್ ಹರಳು ಸಾಕು. ಹೊಂಬಣ್ಣದ ಹೊಳಪಿರಬೇಕು, ಕಪ್ಪು ಬೂದು ಕಂಡರೆ ಅದು ಅದೇ ವಸ್ತುವಿನ ಬೇರೆ ಪದರ ಜೋಡಣೆಯ 2ಎಚ್ ರೂಪವಿರಬಹುದು, ಅದರ ಅಲೆ ಸುಮಾರು 75 ಕೆಲ್ವಿನ್‌ನ ಕೆಳಗೆ ಮಾತ್ರ ಮೂಡುತ್ತದೆ. ಅನುಮಾನವಿದ್ದರೆ ಎಸ್‌ಟಿಎಂಗೆ ಮೊದಲೇ ರೋಧ ಅಳೆಯಿರಿ. ಬಿಎಸ್ಸಿ ಲ್ಯಾಬ್‌ನಲ್ಲಿ ಜರ್ಮೇನಿಯಂ ಬ್ಯಾಂಡ್‌ಗ್ಯಾಪ್‌ಗೆ ಇರುವ ನಾಲ್ಕು ಪ್ರೋಬ್‌ನ ಓವನ್ ಮತ್ತು ಕರೆಂಟ್ ಮೂಲವೇ ಸಾಕು, ಆದರೆ ಸೂಜಿಗಳನ್ನು ಒತ್ತಬೇಡಿ, ಹರಳು ಸೀಳುತ್ತದೆ. ತೆಳು ತಾಮ್ರದ ತಂತಿಗಳನ್ನು ಬೆಳ್ಳಿ ಪೇಸ್ಟಿನಿಂದ ಅಂಟಿಸಿ. ನಿಧಾನ ಬಿಸಿ ಮಾಡುತ್ತಾ ಹೋದರೆ 350 ಕೆಲ್ವಿನ್ ಹತ್ತಿರ, ಅಂದರೆ 77 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ರೋಧ ಮೆಟ್ಟಿಲಿಳಿದಂತೆ ಇಳಿಯುತ್ತದೆ. ದ್ರವ ಸಾರಜನಕ ಸಿಕ್ಕಿದರೆ ತಣಿಸುವಾಗ 180 ಕೆಲ್ವಿನ್ ಹತ್ತಿರ ಜೋರಾದ ಏರಿಕೆಯೂ ಕಾಣುತ್ತದೆ. ಮತ್ತೆ ಬಿಸಿ ಮಾಡುವಾಗ ಅದು ಅದೇ ತಾಪಮಾನದಲ್ಲಿ ಹಿಂತಿರುಗದೆ 220ರ ಸುಮಾರಿಗೆ ಇಳಿಯುತ್ತದೆ.

ಹರಳನ್ನು ಬೆಳ್ಳಿ ಪೇಸ್ಟಿನಿಂದ ಹೋಲ್ಡರ್‌ಗೆ ಅಂಟಿಸಿ ರಾತ್ರಿಯಿಡೀ ಒಣಗಲು ಬಿಡಿ. ಅರೆ ಒಣಗಿದಾಗ ಟೇಪ್ ಎಳೆದರೆ ಇಡೀ ಹರಳು ಕಿತ್ತು ಬರುತ್ತದೆ. ಮಲ್ಟಿಮೀಟರ್‌ನಲ್ಲಿ ಹರಳಿನ ಅಂಚಿಗೂ ಹೋಲ್ಡರ್‌ಗೂ ಸಂಪರ್ಕ ಇದೆಯೆಂದು ಖಚಿತ ಮಾಡಿಕೊಂಡು, ಕಡಿಮೆ ಅಂಟಿನ ಟೇಪಿನಿಂದ ಒಂದೇ ಸಲ ಸೀಳಿ, ಕೂಡಲೇ ಒಣ ಡಬ್ಬಿಯೊಳಗೆ ಇಡಿ. ಸೀಳಿದ ಮೊದಲ ಗಂಟೆಯೇ ಮುಖ್ಯ. ಆಮೇಲೆ ಮೇಲ್ಮೈ ಕೊಳೆಯಾಗುತ್ತಾ ಹೋಗುತ್ತದೆ. ಹಾಗಾಗಿ ಟಿಪ್ ಅನ್ನು ಮೊದಲು ಗ್ರಾಫೈಟ್ ಮೇಲೆ ಪರೀಕ್ಷಿಸಿಕೊಂಡು, ನಂತರವೇ ಹರಳು ಸೀಳಿ.

ಬಯಾಸ್ 20ರಿಂದ 200 ಮಿಲಿವೋಲ್ಟ್ ಒಳಗೆ, ಕರೆಂಟ್ 0.5ರಿಂದ 2 ನ್ಯಾನೋಆಂಪಿಯರ್ ಒಳಗೆ ಬದಲಿಸಿ ನೋಡಿ. 30 ನ್ಯಾನೋಮೀಟರ್ ಚಿತ್ರ, ಗೆರೆಗೆ 0.1-0.2 ಸೆಕೆಂಡು, ಈ ಸಲ ಫೀಡ್‌ಬ್ಯಾಕ್ ಗೇನ್ ಸ್ವಲ್ಪ ಹೆಚ್ಚು. ಮುತ್ತಿನ ಸಾಲುಗಳಂಥ ಷಟ್ಕೋನ ಜಾಲ ಬರುತ್ತದೆ. ಕೋಣೆಯ ತಾಪಮಾನದಲ್ಲಿ ಈ ಜಾಲ ಮೂಲ ಪರಮಾಣು ಜಾಲಕ್ಕೆ ಪೂರ್ತಿ ಹೊಂದಿಕೊಂಡಿರುವುದಿಲ್ಲ: ಕೆಲವು ನ್ಯಾನೋಮೀಟರ್ ಅಗಲದ ಹೊಂದಿಕೊಂಡ ತೇಪೆಗಳು, ನಡುವೆ ಮಸುಕಾದ ಗಡಿಗಳು. ದೊಡ್ಡ ಚಿತ್ರದಲ್ಲಿ ಮುತ್ತುಗಳ ಹೊಳಪು ಏರಿಳಿಯುವುದನ್ನು ಕಂಡರೆ ಅದನ್ನು ದೋಷವೆಂದು ಸಮತಟ್ಟು ಮಾಡಿಬಿಡಬೇಡಿ, ಅದೇ ನೋಡಬೇಕಾದ ಸಂಗತಿ. 10 ನ್ಯಾನೋಮೀಟರ್‌ಗೆ ಇಳಿದು ಒಳ್ಳೆಯ ಟಿಪ್ ಇದ್ದರೆ ಮುತ್ತುಗಳ ಮೇಲೆ ಗಂಧಕದ ಸಣ್ಣ ಜಾಲವೂ ಕಾಣುತ್ತದೆ. ಆಗ ಎರಡರ ನಡುವಿನ ಕೋನ ಅಳೆಯಿರಿ. ಪೂರ್ತಿ ಹೊಂದಿಕೊಂಡ ಹಂತದಲ್ಲಿ ಅದು 13.9 ಡಿಗ್ರಿ, ಕೋಣೆಯ ತಾಪಮಾನದಲ್ಲಿ ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ.

ಅಳತೆಗೆ ಗ್ವಿಡಿಯನ್ ಎಂಬ ಉಚಿತ ತಂತ್ರಾಂಶ ಚೆನ್ನಾಗಿದೆ. ಫೂರಿಯೆ ಚಿತ್ರದಲ್ಲಿ ಆರು ಚುಕ್ಕೆ ಬರುತ್ತವೆ. ಚುಕ್ಕೆಯ ದೂರದ ವಿಲೋಮವನ್ನೇ ಜಾಲದ ಅಂತರವೆಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಅದು ಸಾಲುಗಳ ನಡುವಿನ ಅಂತರ, ಜಾಲದ ಅಂತರದ 0.866 ಪಟ್ಟು. ಗ್ರಾಫೈಟ್‌ಗೆ 0.213 ಬಂದರೆ ಅದು 0.246ಕ್ಕೆ ಸರಿ, ಟ್ಯಾಂಟಲಮ್ ಡೈಸಲ್ಫೈಡ್‌ನ ಅಲೆಗೆ 1.05 ಬಂದರೆ 1.21ಕ್ಕೆ ಸರಿ.

ಸುಳ್ಳು ಪರಮಾಣುಗಳು

ಈ ಭಾಗವನ್ನು ದಾಟಿ ಹೋಗಬೇಡಿ. ಸ್ಕ್ಯಾನ್ ಮಾಡುವಾಗ ಯಾವ ಸ್ಥಿರ ಆವರ್ತನದ ಗದ್ದಲವೂ ಅಂದವಾದ ಪಟ್ಟೆಯಾಗಿ, ಕೆಲವೊಮ್ಮೆ ಜಾಲವಾಗಿ ಕಾಣುತ್ತದೆ. 5 ನ್ಯಾನೋಮೀಟರ್ ಗೆರೆಯನ್ನು 0.05 ಸೆಕೆಂಡಿನಲ್ಲಿ ಓಡಿಸಿದರೆ ಟಿಪ್‌ನ ವೇಗ ಸೆಕೆಂಡಿಗೆ 100 ನ್ಯಾನೋಮೀಟರ್. 50 ಹರ್ಟ್ಜ್ ಗದ್ದಲ 2 ನ್ಯಾನೋಮೀಟರ್ ಅಂತರದ ಪಟ್ಟೆಯಾಗುತ್ತದೆ. ವೇಗ ಸ್ವಲ್ಪ ಬದಲಾದರೆ ಅದೇ ಗದ್ದಲ 1.2 ನ್ಯಾನೋಮೀಟರ್‌ಗೂ ಬರಬಹುದು, ನೀವು ಹುಡುಕುತ್ತಿರುವ ಅಲೆಯ ವೇಷದಲ್ಲೇ.

ಆದ್ದರಿಂದ ಪ್ರತಿ ಚಿತ್ರಕ್ಕೂ ಮೂರು ಪರೀಕ್ಷೆ. ಸ್ಕ್ಯಾನ್ ವೇಗವನ್ನು ಎರಡು ಪಟ್ಟು ಮಾಡಿ: ನಿಜವಾದ ಜಾಲದ ಅಂತರ ಬದಲಾಗದು, ಗದ್ದಲದ್ದು ಎರಡು ಪಟ್ಟಾಗುತ್ತದೆ. ಸ್ಕ್ಯಾನ್ ದಿಕ್ಕನ್ನು 30 ಡಿಗ್ರಿ ತಿರುಗಿಸಿ: ಜಾಲ ಚಿತ್ರದಲ್ಲಿ ತಿರುಗಬೇಕು, ಗದ್ದಲ ಇದ್ದಲ್ಲೇ ಇರುತ್ತದೆ. ಹೋಗುವ ಮತ್ತು ಬರುವ ಗೆರೆಗಳ ಚಿತ್ರ ಹೋಲಿಸಿ: ಎರಡರಲ್ಲೂ ಅದೇ ಗುರುತುಗಳು ಅದೇ ಜಾಗದಲ್ಲಿರಬೇಕು. ಗದ್ದಲದ ಮೂಲ ತಿಳಿಯಲು ಟಿಪ್ ಹಿಂದೆಳೆಯಿರಿ. ಆಗಲೂ ಫೂರಿಯೆ ಚಿತ್ರದಲ್ಲಿ ಗದ್ದಲದ ಚುಕ್ಕೆ ಉಳಿದರೆ ವಿದ್ಯುತ್ತಿನದು. ಟನೆಲಿಂಗ್‌ನಲ್ಲಿದ್ದಾಗ ಮಾತ್ರ ಇದ್ದರೆ ಹೆಚ್ಚಾಗಿ ನಡುಕದ್ದು.

ಇನ್ನೊಂದು ಮೋಸ ಎರಡು ತುದಿಯ ಟಿಪ್. ಪ್ರತಿ ಮೆಟ್ಟಿಲಿಗೂ ಒಂದೇ ದೂರದಲ್ಲಿ ಅದರ ನೆರಳು ಕಂಡರೆ, ಪರಮಾಣುಗಳು ಎಲ್ಲ ಒಂದೇ ದಿಕ್ಕಿಗೆ ಉದ್ದವಾಗಿ ಕಂಡರೆ, ಟಿಪ್ ಬದಲಿಸಿ. ಗ್ರಾಫೈಟ್ ಚಕ್ಕೆ ಟಿಪ್‌ಗೆ ಅಂಟಿಕೊಂಡಾಗಲೂ ವಿಚಿತ್ರ ಜಾಲಗಳು ಕಾಣುತ್ತವೆ. √3 ವಿನ್ಯಾಸ ಅಂಚಿನ ಬಳಿ ಮಾತ್ರ ಇದ್ದು ದೂರದಲ್ಲಿ ಇಲ್ಲದಿದ್ದರೆ ನಂಬಿ, ಎಲ್ಲೆಡೆ ಒಂದೇ ಸಮ ಇದ್ದರೆ ಟಿಪ್ ಮೇಲೆ ಅನುಮಾನಪಡಿ.

ಸ್ಪೆಕ್ಟ್ರೋಸ್ಕೋಪಿ, ಮತ್ತು ಕೋಣೆಯ ತಾಪಮಾನದ ಮಿತಿ

ಫೀಡ್‌ಬ್ಯಾಕ್ ಅನ್ನು ಕೆಲವು ಹತ್ತು ಮಿಲಿಸೆಕೆಂಡು ತಡೆದು, ಬಯಾಸ್ ಅನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಓಡಿಸಿ ಕರೆಂಟ್ ದಾಖಲಿಸಿದರೆ, ಅದರ ಇಳಿಜಾರು ಸ್ಥಿತಿ ಸಾಂದ್ರತೆಯನ್ನು ಹೇಳುತ್ತದೆ. ಹೋಗುವ ಬರುವ ಎರಡು ರೇಖೆ ಒಂದರ ಮೇಲೊಂದು ಕೂರದಿದ್ದರೆ ಆ ದಾಖಲೆ ಬಿಸಾಡಿ, ಟಿಪ್ ಜಾರಿದೆ. ಒಂದು ಜಾಗದಲ್ಲಿ ಐವತ್ತಾದರೂ ರೇಖೆ ಸರಾಸರಿ ಮಾಡಿ.

ಅಭ್ಯಾಸಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಹರಳು ಒಳ್ಳೆಯದು, ಗಟ್ಟಿ ಹರಳಿನ ಗ್ಯಾಪ್ (ಇಲೆಕ್ಟ್ರಾನ್ ಸ್ಥಿತಿಗಳಿಲ್ಲದ ಶಕ್ತಿಯ ವ್ಯಾಪ್ತಿ) ಸುಮಾರು 1.3 ಇಲೆಕ್ಟ್ರಾನ್‌ವೋಲ್ಟ್, ಕೋಣೆಯ ತಾಪಮಾನದಲ್ಲೂ ಸ್ಪಷ್ಟ. ಆದರೆ ಇದಕ್ಕೆ ಗ್ರಾಫೈಟ್‌ನ 50 ಮಿಲಿವೋಲ್ಟ್ ಇಟ್ಟು ಅಪ್ರೋಚ್ ಮಾಡಿದರೆ ಟಿಪ್ ಹೋಗಿ ಹರಳಿಗೆ ಕುತ್ತುತ್ತದೆ: ಆ ವೋಲ್ಟೇಜ್ ಗ್ಯಾಪ್‌ನ ಒಳಗಿದೆ, ಕರೆಂಟ್ ಕೊಡುವ ಸ್ಥಿತಿಗಳೇ ಅಲ್ಲಿಲ್ಲ, ಕರೆಂಟ್ ಹುಡುಕುತ್ತಾ ಫೀಡ್‌ಬ್ಯಾಕ್ ಟಿಪ್ ಅನ್ನು ಒಳಗೆ ತಳ್ಳುತ್ತಲೇ ಇರುತ್ತದೆ. 1ರಿಂದ 1.5 ವೋಲ್ಟ್ ಇಟ್ಟು, ಕರೆಂಟ್ 0.1-0.5 ನ್ಯಾನೋಆಂಪಿಯರ್‌ಗೆ ಇಳಿಸಿ.

ಮಿತಿಯನ್ನು ತಾಪಮಾನವೇ ನಿರ್ಧರಿಸುತ್ತದೆ. ಇಲೆಕ್ಟ್ರಾನ್‌ಗಳ ಶಾಖದ ಹರಡುವಿಕೆಯಿಂದ 300 ಕೆಲ್ವಿನ್‌ನಲ್ಲಿ ಸಿಗುವ ಶಕ್ತಿಯ ಸ್ಪಷ್ಟತೆ ಸುಮಾರು 90 ಮಿಲಿಇಲೆಕ್ಟ್ರಾನ್‌ವೋಲ್ಟ್, 4.2 ಕೆಲ್ವಿನ್‌ನಲ್ಲಿ ಸುಮಾರು 1.3. ನಿಯೋಬಿಯಮ್ ಡೈಸೆಲೆನೈಡ್ 7.2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ, ಅದರ ಗ್ಯಾಪ್ ಒಂದು ಮಿಲಿಇಲೆಕ್ಟ್ರಾನ್‌ವೋಲ್ಟ್ ಮಟ್ಟದ್ದು. ಅದನ್ನು ನೋಡಲು 4.2 ಕೆಲ್ವಿನ್ ಕೂಡ ಸಾಲದಾಗುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) 350 ಮಿಲಿಕೆಲ್ವಿನ್‌ನ ಎಸ್‌ಟಿಎಂ ಕಟ್ಟಿದ್ದು ಇಂಥ ಕೆಲಸಕ್ಕೆ. ನಿರ್ವಾತವೂ ಬೇಕು: 10ರ ಮೈನಸ್ 6ನೇ ಘಾತದ ಟಾರ್ ಒತ್ತಡದಲ್ಲಿ ಸೀಳಿದ ಮೇಲ್ಮೈ ಮೇಲೆ ಒಂದು ಸೆಕೆಂಡಿನಲ್ಲಿ ಅನಿಲದ ಒಂದು ಪದರ ಕೂರಬಲ್ಲದು, ಮೈನಸ್ 10ರಲ್ಲಿ ಅದಕ್ಕೆ ಮೂರು ಗಂಟೆ ಹತ್ತಿರ ಬೇಕು, ಮೈನಸ್ 11ರಲ್ಲಿ ಒಂದು ದಿನಕ್ಕಿಂತ ಹೆಚ್ಚು. ಬಿಸ್ಮತ್ ಸೆಲೆನೈಡ್‌ನಂಥ ಟೋಪಾಲಾಜಿಕಲ್ ಇನ್ಸುಲೇಟರ್‌ನ (ಒಳಗೆ ಅವಾಹಕ, ಮೇಲ್ಮೈಯಲ್ಲಿ ವಾಹಕ) ಮೇಲ್ಮೈ ಸ್ಥಿತಿಗಳನ್ನು ನಂಬಿಕೆಯಿಂದ ಅಳೆಯಬೇಕಾದರೂ ಇದೇ ವ್ಯವಸ್ಥೆ ಬೇಕು. ಗಾಳಿಯಲ್ಲಿ ಅದರ 0.95 ನ್ಯಾನೋಮೀಟರ್ ಎತ್ತರದ ಮೆಟ್ಟಿಲುಗಳನ್ನು ನೋಡಿ ಖುಷಿಪಡಬಹುದು, ಅಷ್ಟೇ.

ಹೊರಗಿನ ಯಂತ್ರಕ್ಕೆ ಹೋಗುವ ಮೊದಲು

ದೇಶದ ಸಂಸ್ಥೆಗಳ ಉಪಕರಣಗಳ ಪಟ್ಟಿ ಐ-ಸ್ಟೆಮ್ ಪೋರ್ಟಲ್‌ನಲ್ಲಿದೆ, ಕಾಲೇಜಿನವರೂ ಅಲ್ಲಿಂದ ಸಮಯ ಕೇಳಬಹುದು. ಕಡಿಮೆ ತಾಪಮಾನದ ಯಂತ್ರದಲ್ಲಿ ಒಂದು ಸ್ಯಾಂಪಲ್ ತಣಿಯಲು, ಸ್ಥಿರವಾಗಲು ದಿನವೇ ಬೇಕಾಗಬಹುದು, ಹಾಗಾಗಿ ಕೆಟ್ಟ ಹರಳು ಒಯ್ದರೆ ಕೊಟ್ಟ ಸಮಯವೆಲ್ಲ ವ್ಯರ್ಥ. ಇಲ್ಲಿಯೇ ತೆಗೆದ ಗಾಳಿಯ ಚಿತ್ರಗಳು, ರೋಧದ ರೇಖೆ, ಸೀಳಿದಾಗ ಹರಳು ಸಪಾಟಾಗಿ ಒಡೆಯುತ್ತದೆಯೇ ಎಂಬ ಟಿಪ್ಪಣಿ, ಇವನ್ನು ಅರ್ಜಿಯ ಜೊತೆ ಕಳಿಸಿ. ಯಾವ ತಾಪಮಾನ, ಎಷ್ಟು ಮಿಲಿವೋಲ್ಟ್ ವ್ಯಾಪ್ತಿ, ಎಷ್ಟು ಜಾಗದಲ್ಲಿ ಸ್ಪೆಕ್ಟ್ರಮ್ ಎಂದು ನಿರ್ದಿಷ್ಟವಾಗಿ ಬರೆಯಿರಿ.

ಹರಳುಗಳನ್ನು ಸೀಳದೆ ಒಯ್ಯಿರಿ. ನಿರ್ವಾತದ ಒಳಗೆ ಸೀಳುವುದಕ್ಕಾಗಿ ಮೇಲೆ ಸಣ್ಣ ಕಂಬ ಅಂಟಿಸುವ ಕೆಲಸ ಅಲ್ಲಿಯ ಹೋಲ್ಡರ್ ಅಳತೆ ತಿಳಿದ ಮೇಲೆಯೇ ಮಾಡಿ. ಪ್ರತಿ ಹರಳನ್ನು ಬೇರೆ ಬೇರೆ ಜೆಲ್ ಪೆಟ್ಟಿಗೆಯಲ್ಲಿಟ್ಟು, ಒಣ ಸಿಲಿಕಾ ಜೆಲ್‌ನ ಪೊಟ್ಟಣದೊಂದಿಗೆ ನಿರ್ವಾತ ಚೀಲದಲ್ಲಿ ಮುಚ್ಚಿ ಸೀಲ್ ಮಾಡಿ. ಸೀಲ್ ಮಾಡುವ ಕೆಲಸವನ್ನು ಮಳೆ ಬಿಟ್ಟ ಹೊತ್ತಿನಲ್ಲಿ, ಎಸಿ ಹಾಕಿ ಒಣಗಿಸಿದ ಕೋಣೆಯಲ್ಲೇ ಮುಗಿಸಿ. ಚೀಲದ ಒಳಗೆ ಕರಾವಳಿಯ ಗಾಳಿ ಉಳಿದರೆ ಬೆಂಗಳೂರಿನ ತಣ್ಣನೆಯ ಬೆಳಗಿಗೆ ಅದರ ತೇವ ಹರಳಿನ ಮೇಲೆಯೇ ಇಳಿಯುತ್ತದೆ.